ರೂಟ್ ನಾಲ್ಕು, ಆಸ್ಪರಿ ರಸ್ತೆ

ಫೆ. 3, ಸೋಮವಾರ

ರೂಟ್ ಒಂದು. ಮನೆ – ಮಾರ್ಕೆಟ್ ಯಾರ್ಡ್ – ರೈಲ್ವೆ ಗೇಟ್ – ಮನೆ. 5.4 ಕಿ.ಮೀ., 38 ನಿಮಿಷ. ಯಾರ್ಡಿನ ಮುಂದೆ ಹತ್ತಿ ಗಾಡಿಗಳ ಸಾಲು. ಡ್ರೈವರುಗಳು ಹಲ್ಲುಜ್ಜುತ್ತಾ ನೋಡುತ್ತಾರೆ. ನೋಡಲಿ. ಎರಡು ವರ್ಷದಿಂದ ನೋಡುತ್ತಿದ್ದಾರೆ, ಅವರಿಗೂ ಬೇಸರ ಬಂದಿರಬೇಕು. ಗೇಟು ಹಾಕಿತ್ತು. ಗೂಡ್ಸ್ ಹೋಗುವವರೆಗೆ ನಿಂತಲ್ಲೇ ಕುಣಿದೆ.

5:58ಕ್ಕೆ ವಾಪಸ್. ಅತ್ತೆ ಕಟ್ಟೆಯ ಮೇಲೆ, ಪಕ್ಕದಲ್ಲಿ ಮುಚ್ಚಿದ ಚೆಂಬು. ಅದರ ನೀರು ಕುಡಿದು ಒಳಗೆ ಬಂದೆ. ಅತ್ತೆಯ ಮೊಣಕಾಲಿಗೆ ಬಾಮ್ ತಿಕ್ಕಿದೆ. ಹತ್ತಕ್ಕೆ ಬ್ಯಾಂಕು.

ಫೆ. 6, ಗುರುವಾರ

ರೂಟ್ ಎರಡು, ಕೋಟೆ ಗುಡ್ಡದ ಕಡೆ. ಏರು. 6.1 ಕಿ.ಮೀ., 47 ನಿಮಿಷ. ಕೆಟ್ಟ ಓಟ.

ಕೊರಳಲ್ಲಿನ ಲಿಂಗ ಎದೆಯ ಮೂಳೆಗೆ ಬಡಿದು ಬಡಿದು ಅಲ್ಲಿ ಕೆಂಪಗಾಗಿದೆ. ಲಿಂಗ ಇಟ್ಟಿರುವ ಬೆಳ್ಳಿ ಕರಡಿಗೆ, ತೂಕ ಇದೆ. ಲಗ್ನದಲ್ಲಿ ಅತ್ತೆ ತಮ್ಮ ಕೈಯಿಂದಲೇ ಕೊರಳಿಗೆ ಹಾಕಿದ್ದು. ನಾನು ದೊಡ್ಡ ಭಕ್ತಳೇನಲ್ಲ. ಸ್ನಾನ, ವಿಭೂತಿ, ಐದು ನಿಮಿಷ ಅಂಗೈಯಲ್ಲಿಟ್ಟು ಪೂಜೆ, ಆಮೇಲೆ ಉಪ್ಪಿಟ್ಟು. ಆದರೆ ಈ ಓಟ ನಡೆದಿರುವುದೇ ಅದರ ಹೆಸರಿನಲ್ಲಿ. ಎರಡು ವರ್ಷದ ಹಿಂದೆ ಎದುರುಮನೆ ಗುರುಬಸಮ್ಮ, "ಕತ್ತಲದಾಗ ಸೊಸಿನ್ನ ಒಬ್ಬಾಕಿನ್ನ ಬಿಡತೀಯಲ್ಲ, ಭಯ ಇಲ್ಲೇನ ನಿನಗ?" ಅಂದಾಗ ಅತ್ತೆ ಕಟ್ಟೆ ಮೇಲಿಂದಲೇ ಕೂಗಿ ಹೇಳಿದ್ದರು: "ಮೈಮ್ಯಾಲ ಲಿಂಗ ಐತಿ ಆಕಿಗೆ. ಭಯ ಯಾತರದು?" ಓಣಿಯ ಬಾಯಿ ಅವತ್ತು ಮುಚ್ಚಿದ್ದು.

ನಾಳೆಯಿಂದ ಸೊಂಟದ ಪೌಚಿನಲ್ಲಿ ಹಾಕಿಕೊಳ್ಳುತ್ತೇನೆ, ಫೋನಿನ ಜೊತೆ. ಮೈಮೇಲೆ ಇದ್ದಂತೆಯೇ ಲೆಕ್ಕ.

ಈ ಮನೆಯಲ್ಲಿ ಮಾತು ಕನ್ನಡ, ಓದುಬರಹ ತೆಲುಗು. ಸಿರುಗುಪ್ಪದಲ್ಲಿ ಕನ್ನಡ ಶಾಲೆಗೆ ಹೋದವಳು ನಾನೊಬ್ಬಳೇ. ಡೈರಿಗೆ ಬೀಗ ಬೇಡ.

ಫೆ. 9, ಭಾನುವಾರ

ರೂಟ್ ನಾಲ್ಕು. ಆಸ್ಪರಿ ರಸ್ತೆ, ಐದನೇ ಕಿಲೋಮೀಟರಿನ ಕಲ್ಲಿನವರೆಗೆ ಹೋಗಿ ವಾಪಸ್. 10.4. 1 ಗಂಟೆ 9 ನಿಮಿಷ. ಪರ್ಸನಲ್ ಬೆಸ್ಟ್! ಕಲ್ಲಿನ ಹತ್ತಿರ ಫೋನ್ ತೆಗೆದು ಸ್ಕ್ರೀನ್‌ಶಾಟ್ ತೆಗೆದುಕೊಂಡೆ. ಪಕ್ಕದ ಹೊಲದಲ್ಲಿ ಕುರಿಮಂದೆ, ನೂರಾರು. ಹತ್ತಿ ಬಿಡಿಸಿದ ಹೊಲದಲ್ಲಿ ಗೊಬ್ಬರಕ್ಕಾಗಿ ತರುಬಿದ್ದಾರೆ.

ಮಧ್ಯಾಹ್ನ 12.

ಸ್ನಾನಕ್ಕೆ ಹೋಗುವಾಗ ಪೌಚ್ ತೆಗೆದೆ. ಲಿಂಗ ಇಲ್ಲ. ಫೋನಿಗೆ ಶಿವದಾರ ಸಿಕ್ಕಿಕೊಂಡು ಹೊರಗೆ ಬಂದಿರಬೇಕು. ಅಲ್ಲೇ... ಕಲ್ಲಿನ ಹತ್ತಿರ.

ಫೆ. 10, ಸೋಮವಾರ

ರೂಟ್ ನಾಲ್ಕು. ಟೈಮ್ ನೋಡಲಿಲ್ಲ. ರಸ್ತೆಯ ಎರಡೂ ಬದಿ, ಟಾರ್ಚ್ ಹಿಡಿದು. ಸಿಗಲಿಲ್ಲ. ಹೊಲದಲ್ಲಿ ಕುರಿಗಳೂ ಇಲ್ಲ.

ಗಂಡ ರುದ್ರೇಶನಿಗೆ ಹೇಳಿದರೆ ಮಾರ್ಕೆಟ್ಟಿಗೆ ಹೋಗುವ ಅವಸರದಲ್ಲೇ, "ಮಠದಾಗ ಇನ್ನೊಂದ್ ಇಸ್ಕೊಂಡ್ರಾತು ಬಿಡು" ಅನ್ನುತ್ತಾನೆ. ಇಸ್ಕೊಳ್ಳಬಹುದು. ಆದರೆ ಅದಕ್ಕೆ ಮೊದಲು ಅತ್ತೆಗೆ ಹೇಳಬೇಕು, ಕೊರಳಿಂದ ನಾನೇ ತೆಗೆದೆ ಅಂತ. ಅಲ್ಲಿಗೆ ಓಟ ಮುಗಿಯಿತು. ಓಟ ಹೋದರೆ ಹೋಗಲಿ ಎಂದು ಬರೆಯಲು ಹೊರಟಿದ್ದೆ. ಸುಳ್ಳು ಯಾಕೆ ಬರೆಯಲಿ. ದಿನದಲ್ಲಿ ನನ್ನದು ಅಂತ ಇರುವುದು ಆ ಒಂದು ಗಂಟೆ.

ಬೇರೆ ಮನೆಗಳ ಸೊಸೆಯರಿಗೆ ತಿಂಗಳಲ್ಲಿ ಮೂರು ದಿನವಾದರೂ ಪೂಜೆ ತಪ್ಪಿಸಲು ನೆಪ ಸಿಗುತ್ತದೆ. ಲಿಂಗ ಕಟ್ಟಿಕೊಂಡವರಿಗೆ ಆ ಮೈಲಿಗೆಯೂ ಇಲ್ಲ.

ಬಾಮಿನ ಪುಟ್ಟ ಡಬ್ಬಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡೆ. ಹೊರಗಿಂದ ನೋಡಿದರೆ ಗೊತ್ತಾಗುವುದಿಲ್ಲ. ಪೂಜೆ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಐದು ನಿಮಿಷ ಕೂತೆ. ಆಮೇಲೆ ಉಪ್ಪಿಟ್ಟು ತಿಂದೆ.

ಫೆ. 12, ಬುಧವಾರ

ರೂಟ್ ನಾಲ್ಕು. ಇಲ್ಲ.

ಅತ್ತೆ ಬಾಮ್ ಹುಡುಕುತ್ತಿದ್ದಾರೆ. ಹೊಸ ಡಬ್ಬಿ ತಂದುಕೊಟ್ಟೆ. "ಹಳೇದರಾಗ ಇದ್ದ ಖಾರ ಇದರಾಗಿಲ್ಲ" ಅಂದರು.

ಫೆ. 14, ಶುಕ್ರವಾರ

ಇವತ್ತು ಹೊಲದವನು ಸಿಕ್ಕ. ಸುಂಕೇಶ ಅಂತ, ಬೈಕಿನಲ್ಲಿ ಬಂದ. "ಏಮೈಂದಿ ಮೇಡಂ? ನಾಕ್ ದಿನದಿಂದ ನೋಡಾಕತ್ತೀನಿ, ಏನ್ ಹುಡುಕತೀರಿ?"

ಹೇಳಿದೆ. ಅವನು ಬೈಕ್ ಆಫ್ ಮಾಡಿದ.

"ಬೆಳ್ಳಿದಾ? ಅದು ಕುರಿಯೋರಿಗೆ ಸಿಕ್ಕೈತ್ರಿ. ಭೀಮಲಿಂಗಪ್ಪ ಅಂತ, ದೇವನಕೊಂಡದೋನು. ಯಾರದು, ಯಾರದು ಅಂತ ನನ್ನೂ ಕೇಳಿದ. ನಮ್ಮ ಹೊಲದಾಗ ಮೂರು ರಾತ್ರಿ ಕುರಿಮಂದಿ ತರುಬಿ, ಮುಂದಕ ಹೋದ. ಆಸ್ಪರಿ ಕಡಿಗೆ."

"ಫೋನ್ ನಂಬರ್?"

"ಐತಿ. ಸ್ವಿಚ್ ಆಫ್. ಹೊಲದಾಗ ಚಾರ್ಜಿಂಗ್ ಎಲ್ಲಿ ಹಾಕ್ತಾರ್ರಿ ಅವರು?"

ಕಾಲು ಹಗುರಾದವು. 6:25ಕ್ಕೆ ವಾಪಸ್. ಅತ್ತೆ ಕಟ್ಟೆ ಮೇಲೆ, ಚೆಂಬು. ಗಟಗಟ ಕುಡಿದೆ.

ಫೆ. 16, ಭಾನುವಾರ

ಸ್ಕೂಟಿಯಲ್ಲಿ ಹೋದರೆ ಎಲ್ಲಿಗೆ, ಯಾಕೆ ಅಂತ ಕೇಳುತ್ತಾರೆ. ಓಡಿ ಹೋದರೆ ಯಾರೂ ಕೇಳುವುದಿಲ್ಲ. ಆಸ್ಪರಿ ರಸ್ತೆಯಲ್ಲಿ ಎಂಟನೇ ಕಲ್ಲು ದಾಟಿ, ಒಟ್ಟು 16.6. ಇಷ್ಟು ದೂರ ಯಾವತ್ತೂ ಓಡಿರಲಿಲ್ಲ. ಹೊಲದಲ್ಲಿ ಹಿಕ್ಕೆ ಮಾತ್ರ, ಒಣಗಿದ್ದು. ಹೊಲದಾಕೆ ದಸ್ತಗಿರಮ್ಮ ಅಂದಳು, "ನಿನ್ನೆ ಹೋದ್ರು. ಇನ್ನೂ ಮುಂದಕ."

7:20ಕ್ಕೆ ಮನೆ. ಅತ್ತೆ ಕಟ್ಟೆ ಮೇಲೆ. ಬಿಸಿಲು ಅವರ ಪಾದದವರೆಗೆ ಬಂದಿತ್ತು. "ತಡಾ ಆತು" ಅಂದರು, ಅಷ್ಟೇ.

ಫೆ. 17, ಸೋಮವಾರ

ಎಡಗಾಲಿನ ಮೀನಖಂಡ ಹಿಡಿದಿದೆ. ಓಟ ಇಲ್ಲ. 26ಕ್ಕೆ ಶಿವರಾತ್ರಿ. ಅವತ್ತು ಈ ಮನೆಯಲ್ಲಿ ಎಲ್ಲರೂ ಒಂದೇ ಕಡೆ ಕೂತು, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುತ್ತಾರೆ. ಗೋಡೆಗೆ ಮುಖ ಮಾಡುವ ಹಾಗಿಲ್ಲ. ಅಂಗೈಯಲ್ಲಿ ಬಾಮ್ ಇಟ್ಟುಕೊಳ್ಳಲೇ?

ಫೆ. 23, ಭಾನುವಾರ

ಹನ್ನೊಂದನೇ ಕಲ್ಲು. 22.4 ಕಿ.ಮೀ. ಕೊನೆಯ ಆರು ಕುಂಟಿದ್ದು. ಖಾಲಿ ಹೊಲ, ಆದರೆ ಹಿಕ್ಕೆ ಹಸಿ. ಒಲೆಯ ಬೂದಿ ಬೆಚ್ಚಗಿತ್ತು. ಕೈ ಇಟ್ಟು ನೋಡಿದೆ. ಅಳು ಬಂತು. ನಿಂತು ಅತ್ತು, ಆಮೇಲೆ ಓಡಿದೆ.

8:10. ಅತ್ತೆ ಕಟ್ಟೆ ಮೇಲೆ. ಪೂರ್ತಿ ಬಿಸಿಲಲ್ಲಿ. ಒಳಗೆ ಕೂತರಾಗದೇನು, ಈ ವಯಸ್ಸಿಗೆ ಹಟ.

ಫೆ. 25, ಮಂಗಳವಾರ

ಬ್ಯಾಂಕಿಗೆ ತಡವಾಗಿ ಬರುತ್ತೇನೆಂದು ಮೊದಲೇ ಹೇಳಿದ್ದೆ. 4:40ಕ್ಕೆ ಬಿಟ್ಟೆ. ಹದಿನಾಲ್ಕನೇ ಕಲ್ಲಿನ ಹತ್ತಿರ ನಾಯಿ ಬೊಗಳಿತು. ಬಲೆಯ ಬೇಲಿ, ಮಂದೆ, ಹೊಗೆ.

ಭೀಮಲಿಂಗಪ್ಪ ಅರವತ್ತರ ಹತ್ತಿರದ ಮನುಷ್ಯ. ಹೇಳಿ ಮುಗಿಸುವ ಮೊದಲೇ ಕಂಬಳಿ ಸರಿಸಿ ತೋರಿಸಿದ. ಕರಡಿಗೆ ಅವನ ಕೊರಳಲ್ಲಿತ್ತು.

"ದೇವರನ್ನ ನೆಲಕ್ಕಿಡಬಾರ್ದಲ್ರಿ ತಾಯಿ. ಎಲ್ಲಿ ಇಡಲಿ ಈ ಹೊಲದಾಗ? ಕೊರಳಾಗ ಹಾಕ್ಕೊಂಡೆ. ಹಾಕ್ಕೊಂಡ ಮ್ಯಾಲ ಬಾಡು ತಿನ್ನಾಕ ಮನಸ್ಸು ಬರಲಿಲ್ಲ."

ಹೆಂಡತಿ ಜಂಬಮ್ಮ ಒಲೆಯ ಮುಂದಿನಿಂದ ಎದ್ದೇ ಬಂದಳು. "ಹದಿನಾರು ದಿನ ಆತವ್ವಾ! ಎರಡು ಮರಿ ಸತ್ವು, ಊರೋರಿಗೆ ಕೊಟ್ವಿ. ನಮ್ಮ ಒಲಿಗೆ ಬರಲಿಲ್ಲ. ದಿನಾ ಮುಂಜಾನಿ ತಣ್ಣೀರು ಸುರ್ಕೊಂಡು ಅದನ್ನ ಕಣ್ಣಿಗೆ ಒತ್ಕೋತಾನ. ಕೆಮ್ಮು ಬಂದೈತಿ ಈಗ. ಲಗೂನ ತಗೊಂಡ್ ಹೋಗು ನಿನ್ನ ದೇವರನ್ನ."

ಹಾಕಿಕೊಳ್ಳಬೇಕಾದರೆ ಮೊದಲು ಕೊರಳಲ್ಲಿದ್ದದ್ದನ್ನು ತೆಗೆಯಬೇಕು. ತೆಗೆದೆ. ಜಂಬಮ್ಮ ಬಟ್ಟೆ ಬಿಚ್ಚಿ ನೋಡಿದಳು.

"ಏನಿದು?"

"ಬಾಮ್."

ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಹಾದಿಯಲ್ಲಿ ಸಿಕ್ಕಿದ್ದಕ್ಕೆ ಅವನು ಬಾಯಿ ಕಟ್ಟಿದ್ದ. ನಾನು ಉಪ್ಪಿಟ್ಟು ತಿಂದುಕೊಂಡಿದ್ದೆ.

"ಕೊಟ್ಟುಹೋಗು" ಅಂದಳು ಜಂಬಮ್ಮ. "ಈತನ ಎದಿಗೆ ಹಚ್ಚಾಕ ಆಗತೈತಿ."

ಕೊಟ್ಟೆ. ವಾಪಸ್ ಶೇರ್ ಆಟೋ. ಟೈರ್ ಪಂಕ್ಚರ್, ಒಂದು ಗಂಟೆ ಹೋಯಿತು. ಮನೆ ಮುಟ್ಟಿದಾಗ 9:35.

ಅತ್ತೆ ಕಟ್ಟೆ ಮೇಲೆ ಗೋಡೆಗೆ ಒರಗಿದ್ದರು, ತುಟಿ ಒಣಗಿತ್ತು. ಗುರುಬಸಮ್ಮ ಪಕ್ಕದಲ್ಲಿ ನಿಂತು ಸೆರಗಿನಿಂದ ಗಾಳಿ ಹಾಕುತ್ತಿದ್ದರು. ನನ್ನನ್ನು ಕಂಡದ್ದೇ ತಡ, "ಎಲ್ಲಿಗೆ ಹೋಗಿದ್ದಿ? ಈಕಿ ಎಲ್ಲಿ ತಲಿ ತಿರುಗಿ ಬೀಳ್ತಾಳೋ ಅಂತ ನಾ ಕಾಯಾಕತ್ತೀನಿ. ನೀ ಬರೋಮಟ ಹನಿ ನೀರು ಮುಟ್ಟಂಗಿಲ್ಲ ಈಕಿ! ನೀ ಓಡಾಕ ಹತ್ತಿದ ದಿನದಿಂದ. ಗೊತ್ತಿಲ್ಲೇನ ನಿನಗ?"

ಗೊತ್ತಿರಲಿಲ್ಲ. ಎರಡು ವರ್ಷದ ಕಿಲೋಮೀಟರು, ನಿಮಿಷ, ಸೆಕೆಂಡು ಎಲ್ಲ ಬರೆದಿಟ್ಟಿದ್ದೇನೆ. ಚೆಂಬನ್ನೂ ಬರೆದಿದ್ದೇನೆ. ನನಗೇ ಇಟ್ಟ ನೀರು ಅಂದುಕೊಂಡು ದಿನಾ ನಾನೇ ಕುಡಿದು ಒಳಗೆ ಬರುತ್ತಿದ್ದೆ.

ಗುರುಬಸಮ್ಮ ನೀರು ಕುಡಿಸಿ ಹೋದ ಮೇಲೆ ಅತ್ತೆ ಕೇಳಿದರು, "ಸಿಕ್ತೇನು?"

ಕರಡಿಗೆ ತೋರಿಸಿದೆ. "ನಿಮಗ ಹೆಂಗ್ ಗೊತ್ತಾತು, ಅತ್ತಿ?"

"ಪೂಜಿ ಕೋಣ್ಯಾಗ ವಿಭೂತಿ ವಾಸನಿ ಬರಬೇಕು. ನೀ ಕೂತು ಎದ್ದ ಮ್ಯಾಲ ಬಾಮಿನ ವಾಸನಿ. ನೀನಾಗಿ ಹೇಳತಿ ಅಂತ ಸುಮ್ನಿದ್ದೆ. ದಿನಾ ಹುಡುಕಾಕ ಹೋಗೋಳನ್ನ ಏನಂತ ಬೈಲಿ?" ಮೊಣಕಾಲು ತಿಕ್ಕಿಕೊಳ್ಳುತ್ತಾ, "ನನ್ನ ಡಬ್ಬಿ ಎಲ್ಲಿ?"

"ಕುರಿಯೋರಿಗೆ ಕೊಟ್ಟೆ."

ನಕ್ಕರು. ನನಗೆ ನಗಲಾಗಲಿಲ್ಲ. "ಮೈಮ್ಯಾಲ ಲಿಂಗ ಐತಿ, ಭಯ ಯಾತರದು ಅಂದಿದ್ರಲ್ಲಾ?" ಅಂದೆ.

"ಅದು ಓಣಿಗೆ ಹೇಳಿದ್ದವ್ವಾ" ಅಂದರು ಅತ್ತೆ. "ನನಗ ಭಯ ಇರಂಗಿಲ್ಲೇನು?"

ಫೆ. 27, ಗುರುವಾರ

ನಿನ್ನೆ ಶಿವರಾತ್ರಿ. ಎಲ್ಲರೊಂದಿಗೆ ಕೂತೆ. ಅಂಗೈ ಭಾರ ಇತ್ತು.

ಇವತ್ತು ರೂಟ್ ಒಂದು. ಲಿಂಗ ಕೊರಳಲ್ಲಿ, ಮೇಲೆ ಬಿಗಿಯಾಗಿ ದುಪಟ್ಟಾ ಸುತ್ತಿ. ಬಡಿಯಿತು. ಬಡಿಯಲಿ. ಯಾರ್ಡಿನ ತನಕ ಮಾತ್ರ ಹೋಗಿ ತಿರುಗಿದೆ. 3 ಕಿ.ಮೀ., 20 ನಿಮಿಷ.

5:36. ಅತ್ತೆ ಕಟ್ಟೆಯ ಮೇಲೆ. "ಯಾಕ, ಇಷ್ಟ್ ಲಗೂ?" ಅಂದರು. ಚೆಂಬು ಪಕ್ಕದಲ್ಲಿ, ಮುಚ್ಚಿದ್ದು ಹಾಗೇ ಇತ್ತು. ಮುಚ್ಚಳ ತೆಗೆದು ಅವರ ಮುಂದೆ ಹಿಡಿದೆ.

"ಮೊದಲು ನೀ ಕುಡಿ. ಓಡಿ ಬಂದೀ."

"ನೀವೂ ಓಡೀರಿ ಅತ್ತಿ, ಎರಡು ವರ್ಷ" ಅಂದೆ. ಅವರು ನನ್ನ ಮುಖ ನೋಡಿದರು. ಚೆಂಬಿಗೆ ಕೈ ಚಾಚಿ, ಅರ್ಧ ಕುಡಿದು, ಉಳಿದದ್ದನ್ನು ನನ್ನ ಕಡೆ ಹಿಡಿದರು.