ಮೊದಲ ಕುರ್ಚಿ

ನವೆಂಬರ್ ೨, ಭಾನುವಾರ

ಪಂದ್ಯ ಮುಗಿದ ಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿ ನಾನು ತರಬೇತಿ ಕೊಡುವ ಬ್ಯಾಸ್ಕೆಟ್‌ಬಾಲ್ ತಂಡದ ಹುಡುಗಿಯರು, ಅವರ ತಂದೆತಾಯಂದಿರು ಸೇರಿದ್ದರು. ಬಂದುದಕ್ಕೆ ಕೃತಜ್ಞತೆ ಸಲ್ಲಿಸಿದೆ. ಸಂತಾಪವನ್ನು ಮಾತ್ರ ಸ್ವೀಕರಿಸಲಾರೆ ಎಂದೆ. ನನ್ನ ಮಗಳು ತೀರಿಕೊಂಡದ್ದು ಬೇಸಿಗೆಯಲ್ಲಿ, ನಾವು ಸೋತದ್ದು ಇಂದು. ಎರಡನ್ನೂ ಒಂದೇ ಗಂಟು ಕಟ್ಟಬೇಡಿ... ಕಾಲೇಜಿನ ಚರ್ಚಾಸ್ಪರ್ಧೆಯ ಧಾಟಿ ಈ ವಯಸ್ಸಿನಲ್ಲೂ ಬಿಟ್ಟಿಲ್ಲ.

ಮೂರನೆಯ ಸೋಲು. ಪ್ರತಿಸಲವೂ ಕೊನೆಯ ಕ್ವಾರ್ಟರಿನಲ್ಲೇ. ಆಡುವ ಐವರೂ ಸುಸ್ತು, ಬದಲಿ ಹೋಗುವವರು ತಡ.

ಕಾರಣ ಬಲ್ಲೆ. ಬೆಂಚಿನಲ್ಲಿ ನನ್ನ ಪಕ್ಕದ ಕುರ್ಚಿ ಮೊದಲ ಬದಲಿ ಆಟಗಾರ್ತಿಯದು. ಮಗಳದು. ಈಗ ಹುಡುಗಿಯರು ಅದರ ಮೇಲೆ ಅವಳ ಜೆರ್ಸಿ ಹಾಸುತ್ತಾರೆ. ಯಾರನ್ನು ಕರೆದರೂ ಮೊದಲು ಜೆರ್ಸಿಯ ಕಡೆ ನೋಡುತ್ತಾರೆ, ಆಮೇಲೆ ಪಕ್ಕದವಳ ಕಡೆ. ಮಗಳಿಗಿಂತ ಮುಂಚೆ ಕೋರ್ಟಿಗಿಳಿಯಲು ಯಾರಿಗೂ ಕಾಲೇಳದು. ಅಷ್ಟರಲ್ಲಿ ಎದುರಾಳಿಗಳು ಎರಡು ಬ್ಯಾಸ್ಕೆಟ್ ಹಾಕಿರುತ್ತಾರೆ.

ಆ ಪ್ರೀತಿಗೆ ತಲೆಬಾಗುತ್ತೇನೆ. ಆದರೆ ಸೋಲುತ್ತಿದ್ದೇವೆ.

ನವೆಂಬರ್ ೫

ಪ್ರಾಕ್ಟೀಸ್ ಮುಗಿದ ಮೇಲೆ ಕ್ಯಾಪ್ಟನ್ ಹತ್ತಿರ ಮಾತು ತೆಗೆದೆ.

"ಆ ಕುರ್ಚಿಯಲ್ಲಿ ಯಾರನ್ನ ಕೂರಿಸೋಣ?"

"ಯಾರ್ ಕೂತ್ರೂ ಮಿಕ್ಕವರು ಮುಖ ತಿರುಗಿಸ್ತಾರೆ ಸರ್. ನಾನಂತೂ ಹೆಸರು ಹೇಳಲ್ಲ. ನೀವೇ ಹೇಳಿ, ಬೈಸ್ಕೊಂಡು ನಿಮಗೆ ಅಭ್ಯಾಸ ಇದೆ."

ನಗು ಬಂತು. ತೋರಿಸಿಕೊಳ್ಳಲಿಲ್ಲ. ಗಟ್ಟಿಗಿತ್ತಿ.

ನವೆಂಬರ್ ೯, ಭಾನುವಾರ

ಮತ್ತೆ ಸೋಲು. ಇನ್ನೊಂದು ಹೋದರೆ ಈ ವರ್ಷದ ಲೀಗ್ ನಮಗೆ ಮುಗಿದಂತೆ.

ಆದರೆ ಒಂದು ದೃಶ್ಯ ಕಣ್ಣಿಗೆ ಬಿತ್ತು. ಯಾರನ್ನು ಕಳಿಸಲಿ ಎಂದು ತಿರುಗಿದರೆ, ಕೊನೆಯ ಕುರ್ಚಿಯಲ್ಲಿ ಕಡ್ಡಿ — ತಂಡದ ಅತಿ ಸಣಕಲು ಹುಡುಗಿ, ಬೇಸಿಗೆಗೆ ಸ್ವಲ್ಪ ಮುಂಚೆಯಷ್ಟೇ ಸೇರಿದವಳು — ಆಗಲೇ ಜಾಕೆಟ್ಟಿನ ಜಿಪ್ ಬಿಚ್ಚಿ ಕೂತಿದ್ದಾಳೆ. ಮಗಳೂ ಹಾಗೆಯೇ. ನಾನು ಕರೆಯುವ ಮೊದಲೇ ಜಿಪ್ ಕೆಳಗೆ. ಯಾರು ದಣಿದರೆಂಬುದು ನನಗಿಂತ ಮುಂಚೆ ಅವಳಿಗೆ ತಿಳಿಯುತ್ತಿತ್ತು. ನಾನು ಕಲಿಸಿದ ವಿದ್ಯೆಯಲ್ಲ ಅದು.

ಆಮೇಲೆ ಕೇಳಿದೆ, ಯಾರು ಹೇಳಿಕೊಟ್ಟರೆಂದು.

"ಅಕ್ಕ ಸರ್, ನಿಮ್ಮ ಮಗಳೇ. ಚೆಂಡು ನೋಡ್ಬೇಡ, ಮಂಡಿ ನೋಡು ಅಂತಿದ್ರು. ಕೈ ಮಂಡಿ ಮೇಲೆ ಹೋಯ್ತು ಅಂದ್ರೆ ಅವರ ಕಥೆ ಮುಗೀತು ಅಂತ."

"ಕರೆದರೆ ಬರ್ತೀಯಾ?"

"ಓಡಿ ಬರ್ತೀನಿ. ಆ ಕುರ್ಚಿ ಮಾತ್ರ ಬೇಡ ಸರ್."

ನವೆಂಬರ್ ೧೫

ಹೆಂಡತಿ ಜೆರ್ಸಿ ಒಗೆದು ಒಣಹಾಕುತ್ತಿದ್ದಳು.

"ಯಾರೂ ಹಾಕದ ಬಟ್ಟೆ ಯಾಕೆ ಒಗೀತೀಯ?" ಎಂದೆ.

"ಧೂಳು ಕೂತಿತ್ತು. ನಾಲ್ಕು ಮ್ಯಾಚಿಂದ ಬರೀ ಕೂರಿಸಿದ್ದೀರಲ್ಲ ರೀ. ಬದುಕಿದ್ದಾಗ ಹೀಗೆ ಕೂರಿಸಿದ್ರೆ ಬಿಡ್ತಿದ್ಲಾ ನಿಮ್ಮನ್ನ?"

ಚರ್ಚೆಯಲ್ಲಿ ಬಹುಮಾನ ಗಳಿಸಿದವನು ನಾನು. ಒಣಹಾಕುವ ಕ್ಲಿಪ್ ಎತ್ತಿ ಅವಳ ಕೈಗೆ ಕೊಟ್ಟೆ.

ನವೆಂಬರ್ ೧೬, ಭಾನುವಾರ. ಹೊರಡುವ ಮುನ್ನ

ತೀರ್ಮಾನ ನನ್ನೊಬ್ಬನದು. ಕ್ಯಾಪ್ಟನ್ನಿಗೂ ಹೇಳಿಲ್ಲ, ಮನೆಯಲ್ಲೂ ಹೇಳಿಲ್ಲ. ಮೊದಲ ಕುರ್ಚಿಯಲ್ಲಿ ಇಂದು ಕಡ್ಡಿ. ಜೆರ್ಸಿ ಅವಳ ಮೈಮೇಲೆ. ಹೆಗಲಿಗೆ ಸಡಿಲವಾಗುತ್ತದೆ, ಆಗಲಿ. ಉಳಿದವರು ಮುಖ ತಿರುಗಿಸಿದರೆ ಕೋರ್ಟಿನ ಕಡೆ ತಿರುಗಿಸಲಿ. ಕೊನೆಯ ಕ್ವಾರ್ಟರಿನವರೆಗೆ ಕಾಯುವುದಿಲ್ಲ. ಮೊದಲ ಕೈ ಮಂಡಿಗೆ ಹೋದ ಕ್ಷಣವೇ ಅವಳನ್ನು ಕೋರ್ಟಿಗಿಳಿಸುತ್ತೇನೆ.