ಬಲಗಡೆಯ ಹೂ

ಹಳೇಬೀಡು
ಮಂಗಳವಾರ, ೧೯ನೇ ಜುಲೈ ೧೯೩೮

ಪ್ರೀತಿಯ ಮಗ ರೇವಣನಿಗೆ ಅವ್ವ ಮನಸಾರೆ ಮಾಡುವ ಆಶೀರ್ವಾದ.

ಹೇಗಿದ್ದೀಯಪ್ಪ? ಕೆಮ್ಮು ನಿಂತಿತೇ? ಮೈಸೂರಿನ ನಲ್ಲಿ ನೀರು ಮೈಗೆ ಒಗ್ಗಿತೇ? ಹಾಸ್ಟೆಲ್ಲಿನಲ್ಲಿ ಎರಡು ಹೊತ್ತೂ ಅನ್ನವನ್ನೇ ಹಾಕುತ್ತಾರೆ, ಮುದ್ದೆಯ ಮುಖ ನೋಡಿ ತಿಂಗಳಾಯಿತು ಎಂದು ಬರೆದಿದ್ದೀಯ. ಅದನ್ನು ಓದಿದ ದಿನ ನನಗೂ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ವಾರಕ್ಕೊಮ್ಮೆ ತಲೆಗೆ ಎಣ್ಣೆ ಹಾಕಿಕೊ. ಒದ್ದೆ ಪಂಚೆ ಉಟ್ಟುಕೊಂಡು ಓಡಾಡಬೇಡ, ಆ ಚಟ ನಿನಗೆ ಚಿಕ್ಕಂದಿನಿಂದ ಇದೆ. ಇಲ್ಲಿ ನಾವು ಚೆನ್ನಾಗಿದ್ದೇವೆ. ಕೆಂದ ಹಸು ಶುಕ್ರವಾರ ಕರು ಹಾಕಿತು. ಹೆಣ್ಣು ಕರು, ಹಣೆಯ ಮೇಲೆ ಬಿಳಿ ಬೊಟ್ಟು. ಕೆರೆಯ ಹಿಂದಿನ ಹೊಲದಲ್ಲಿ ರಾಗಿ ಹುಟ್ಟಿದೆ, ಆದರೆ ಒಂದೇ ಸಮನಾಗಿ ಬಂದಿಲ್ಲ. ನಿಮ್ಮಪ್ಪನ ಮಂಡಿ ನೋವು ಇದ್ದ ಹಾಗೆಯೇ ಇದೆ, ಬಾಯಿಯೂ ಇದ್ದ ಹಾಗೆಯೇ ಇದೆ.

ನಿನ್ನ ಕಾಗದ ಗುರುವಾರವೇ ಬಂತು. ಐದು ದಿನ ಉತ್ತರ ಬರೆಯದೆ ಕೂತಳಲ್ಲ ಇವಳು ಎಂದು ಬೈದುಕೊಂಡಿರುತ್ತೀಯ. ಬೈದುಕೊ, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ. ಟಪಾಲಿನ ಜವರಣ್ಣ ಬಂದಾಗ ನಾನು ನಿನಗೆ ಕಳಿಸಲೆಂದು ರಾಗಿಯ ಹುರಿಹಿಟ್ಟನ್ನು ಡಬ್ಬಿಗೆ ತುಂಬುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಒಡೆದು ಓದಿದೆ. ಮೇಷ್ಟ್ರ ಇಂಗ್ಲಿಷ್ ಪಾಠ ರೈಲು ಹೋದ ಹಾಗೆ ಹೋಗಿಬಿಡುತ್ತದೆ, ಹಿಡಿದುಕೊಳ್ಳಲು ಒಂದು ಮಾತೂ ಸಿಕ್ಕುವುದಿಲ್ಲ ಎಂದು ಬರೆದಿದ್ದೀಯ. ನೀನು ‘ಐತೆ’ ಅಂದರೆ ಪಕ್ಕದ ಹುಡುಗರು ನಗುತ್ತಾರೆ. ಮೊದಲ ಪರೀಕ್ಷೆಯಲ್ಲಿ ಫಿಸಿಕ್ಸಿಗೆ ಐವತ್ತಕ್ಕೆ ಏಳು. ಬಿಟ್ಟುಹೋಗುವವರು ಈ ತಿಂಗಳ ಮೂವತ್ತರೊಳಗೆ ಹೇಳಬೇಕು, ಆ ಸೀಟನ್ನು ಕಾದು ಕೂತಿರುವ ಬೇರೆ ಹುಡುಗರಿಗೆ ಕೊಡುತ್ತಾರೆ ಎಂದೂ ಬರೆದಿದ್ದೀಯ. ಅರಸೀಕೆರೆಯಿಂದ ನಿನ್ನ ಷಡಕ್ಷರಪ್ಪ ಮಾವನೂ ನಿನಗೆ ಕಾಗದ ಹಾಕಿದನಂತೆ, ಸ್ಟೇಷನ್ನಿನ ಗೂಡ್ಸ್ ಆಫೀಸಿನ ಗುಮಾಸ್ತೆ ಕೆಲಸಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ, ಬರುವುದಾದರೆ ಬಾ ಎಂದು. ಇದೆಲ್ಲ ಸರಿ. ಕಡೆಯಲ್ಲಿ ನಾಲ್ಕು ಸಾಲು ಬರೆದಿದ್ದೀಯಲ್ಲ, ಅವು ನನ್ನನ್ನು ಕೂತಲ್ಲಿ ಕೂರಲು ಬಿಡುತ್ತಿಲ್ಲ. ‘ಅವ್ವಾ, ಚೌಡಮ್ಮ ಬಲಗಡೆ ಹೂ ಕೊಟ್ಟಳೆಂಬ ಒಂದೇ ಧೈರ್ಯದ ಮೇಲೆ ಇಲ್ಲಿದ್ದೇನೆ. ನೀನು ಹೋಗಿ ಇನ್ನೊಂದು ಸಲ ಕೇಳು. ಎಡಗಡೆ ಕೊಟ್ಟರೆ ಅವತ್ತೇ ಗಂಟು ಕಟ್ಟುತ್ತೇನೆ. ಬಲಗಡೆ ಕೊಟ್ಟರೆ ಸತ್ತರೂ ಇಲ್ಲೇ ಸಾಯುತ್ತೇನೆ.’ ಸಾಯುವ ಮಾತು ಯಾಕೋ? ಇನ್ನೊಂದು ಸಲ ಹಾಗೆ ಬರೆದರೆ ಮೈಸೂರಿಗೇ ಬಂದು ಕಪಾಳಕ್ಕೆ ಬಾರಿಸುತ್ತೇನೆ, ನೆನಪಿರಲಿ.

ನಿಮ್ಮಪ್ಪನಿಗೆ ಕಾಗದ ಓದಿ ಹೇಳಿದೆ. ಪೂರ್ತಿ ಕೇಳಿ, ಎದ್ದು ಕೊಟ್ಟಿಗೆಗೆ ಹೋದರು. ರೈಲ್ವೆ ಕೆಲಸ ಹಿಡಿ ಎಂದು ಬಡಿದುಕೊಂಡೆ, ಯಾರು ಕೇಳಿದಿರಿ ಎಂದು ದೊಡ್ಡ ಪುರಾಣವನ್ನೇ ತೆಗೆಯುತ್ತಾರೆಂದು ಕಾದೆ. ತೆಗೆಯಲಿಲ್ಲ. ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ, ನಾನು ಹೇಳಿದೆನೆಂದು ಮಾತ್ರ ಬಾಯಿಬಿಡಬೇಡ. ನಿನಗೆ ಸೀಟು ಕೊಟ್ಟಿದ್ದೇವೆಂದು ಕಾಲೇಜಿನಿಂದ ಬಂದಿದ್ದ ಕಾರ್ಡು, ಸೇರಿದ ದಿನದಿಂದ ಕಾಣುತ್ತಿಲ್ಲವೆಂದು ಪೆಟ್ಟಿಗೆಯೆಲ್ಲ ಹುಡುಕಿದ್ದೆಯಲ್ಲ, ಅದು ನಿಮ್ಮಪ್ಪನ ರುಮಾಲಿನೊಳಗಿದೆ. ನಿನ್ನನ್ನು ಬಿಟ್ಟು ಬರುವಾಗ ಎತ್ತಿಕೊಂಡು ಬಂದಿದ್ದಾರೆ. ಬಸ್ಸು ನಿಲ್ಲುವ ಕಡೆ, ಬೇಲೂರಿನ ಸಂತೆಯಲ್ಲಿ, ಗುಡಿ ನೋಡಲು ಬಂದ ದೊರೆಗಳ ಕಾರಿನ ಡ್ರೈವರಿಗೂ ತೆಗೆದು ತೋರಿಸಿದ್ದಾರೆ. ಕನ್ನಡವೇ ಓದಲು ಬಾರದವರು, ಇಂಗ್ಲಿಷನ್ನು ತಲೆಕೆಳಗಾಗಿ ಹಿಡಿದು ತೋರಿಸುತ್ತಾರಂತೆ. ಕಾಲೇಜು ಬೇಡ ಬೇಡ ಎಂದು ಮನೆಯನ್ನು ತಲೆಯ ಮೇಲೆ ಹೊತ್ತವರು ಇವರೇ ನೋಡು. ಗುರುವಾರದಿಂದ ಅದನ್ನು ಯಾರಿಗೂ ತೋರಿಸಿಲ್ಲ. ರುಮಾಲು ಬಿಚ್ಚಿದಾಗ ಗೂಡಿನಲ್ಲಿಡುತ್ತಾರೆ, ಸುತ್ತಿಕೊಳ್ಳುವಾಗ ಮತ್ತೆ ಒಳಕ್ಕೆ ಸೇರಿಸುತ್ತಾರೆ.

ತಡಿ, ಕರು ಹಗ್ಗ ಬಿಚ್ಚಿಕೊಂಡಿತು. ಹೋಗಿ ಕಟ್ಟಿ ಬಂದೆ. ಎರಡು ಸಾಲು ಬರೆಯುವುದು, ಏಳುವುದು, ಇವತ್ತೆಲ್ಲ ಇದೇ ಆಗಿದೆ.

ಜೂನ್ ತಿಂಗಳ ಆ ದಿನ ನಿನಗೆ ಜ್ಞಾಪಕವಿರಲೇಬೇಕು. ಒಂದೇ ವಾರದಲ್ಲಿ ಎರಡು ಕಾಗದ ಬಂದವು. ಕಾಲೇಜಿನ ಕಾರ್ಡು ಒಂದು, ಒಂದನೇ ತಾರೀಖಿನಿಂದ ಗೂಡ್ಸ್ ಆಫೀಸಿಗೆ ಬಾ ಎಂದು ಮಾವ ಬರೆದದ್ದು ಇನ್ನೊಂದು. ಮೂರು ದಿನ ಮನೆಯಲ್ಲಿ ಜಗಳ. ನಿಮ್ಮಪ್ಪ ಕೈಗೆ ಬಂದ ತುತ್ತನ್ನು ಬಿಡಬೇಡ ಎಂದರು, ನೀನು ತುತ್ತು ಎತ್ತುವುದನ್ನೇ ಬಿಟ್ಟೆ. ಕಡೆಗೆ ಅವರೇ, ‘ನಾನೂ ಬ್ಯಾಡ ನೀನೂ ಬ್ಯಾಡ, ಚೌಡಮ್ಮ ಹೇಳ್ಲಿ’ ಎಂದರು. ಮಾದಿಹಳ್ಳಿ ದಾರಿಯ ಚೌಡಮ್ಮನ ಗುಡಿಗೆ ಮೂವರೂ ಹೋದೆವು. ಪೂಜಾರಿ ಕೆಂಚಪ್ಪ ಅಮ್ಮನ ಎರಡು ಭುಜದ ಮೇಲೂ ನೀರಿನಲ್ಲಿ ಅದ್ದಿದ ಹೂವಿಟ್ಟ. ‘ಹೆತ್ತೋಳು ನೀನು, ನೀನೇ ಕೇಳ್ಕಳವ್ವ. ಮನಸ್ನಾಗೇ ಕೇಳು. ಬಲಗಡೆ ಬಿದ್ರೆ ಹೂಂ ಅಂತ, ಎಡಗಡೆ ಬಿದ್ರೆ ಊಹೂಂ ಅಂತ. ಕೇಳಿದ್ದನ್ನ ಮಾತ್ರ ಯಾರ್ಗೂ ಬಾಯಿಬಿಡಬ್ಯಾಡ’ ಎಂದ. ನಾನು ಕಣ್ಣು ಮುಚ್ಚಿ ಕೇಳಿದೆ. ಕಣ್ಣು ಬಿಡುವುದರೊಳಗೆ ಬಲಗಡೆಯ ಹೂ ಬಿದ್ದಿತ್ತು. ಹದಿನೇಳು ವರ್ಷದ ಹುಡುಗ, ಗುಡಿಯೊಳಗೇ ಕುಣಿದುಬಿಟ್ಟೆ. ನನ್ನ ಕಾಲಿಗೆ ಬಿದ್ದೆ, ಕೆಂಚಪ್ಪನ ಕಾಲಿಗೂ ಬಿದ್ದೆ. ನಿಮ್ಮಪ್ಪ ರುಮಾಲು ತೆಗೆದು ಅಮ್ಮನಿಗೆ ಕೈಮುಗಿದರು. ಆಮೇಲೆ, ‘ಆಯ್ತು ಬಿಡ್ಲಾ. ಅಮ್ಮನೇ ಹೇಳಿದ್ಮ್ಯಾಲೆ ನಂದೇನೈತೆ’ ಎಂದರು. ದಾರಿಯುದ್ದಕ್ಕೂ ನೀವಿಬ್ಬರೂ ಪೆಟ್ಟಿಗೆ, ಹಾಸಿಗೆ, ಷರಟು ಎಂದು ಮಾತಾಡಿಕೊಂಡು ಬಂದಿರಿ. ನಾನು ಹಿಂದೆ ಬಂದೆ.

ಈಗ ಈ ಐದು ದಿನದ ಕಥೆ ಕೇಳು. ಶುಕ್ರವಾರ ಅಮ್ಮನ ವಾರ, ಹೋಗಿಬರಬೇಕಿತ್ತು. ಹಸು ಈಯುತ್ತಿದೆ ಎಂದು ನೆಪ ಹೇಳಿದೆ. ಕರು ಹತ್ತು ಗಂಟೆಗೇ ಎದ್ದು ನಿಂತಿತ್ತು, ನಾನು ಸಂಜೆಯವರೆಗೂ ಕೊಟ್ಟಿಗೆಯಲ್ಲೇ ಇದ್ದೆ. ಶನಿವಾರ ತಲೆನೋವು ಎಂದೆ. ಭಾನುವಾರ ಬಸ್ಸಿನ ಸದ್ದಾದರೆ ಈಗಲೂ ಎದ್ದು ಬಾಗಿಲಿಗೆ ಬರುತ್ತೇನೆ ಕಣೋ. ಅರಸೀಕೆರೆಯಲ್ಲಿ ಮಾವನ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದಿದಷ್ಟು ವರ್ಷವೂ ನೀನು ಆ ಬಸ್ಸಿನಲ್ಲೇ ಬರುತ್ತಿದ್ದೆ. ಬೇಡ ಅಂದರೂ ಕಾಲು ಕೇಳುವುದಿಲ್ಲ. ಬಸ್ಸು ಹೋದ ಮೇಲೆ ನಾನು ಯಾಕೆ ಬಂದೆ ಎಂದು ನನಗೇ ನಾಚಿಕೆಯಾಗಿ, ಇರಲಿ ಎಂದು ಬಾಗಿಲು ಗುಡಿಸಿ ಒಳಗೆ ಹೋಗುತ್ತೇನೆ. ಹುರಿಹಿಟ್ಟಿನ ಡಬ್ಬಿಯದೂ ಇದೇ ಪಾಡು. ಕಳಿಸೋಣವೆಂದು ಬಾಗಿಲ ಹತ್ತಿರ ತಂದಿಡುತ್ತೇನೆ, ಹುಡುಗ ಬಂದುಬಿಟ್ಟರೆ ಎಂದು ಮತ್ತೆ ಅಟ್ಟದ ಮೇಲಿಡುತ್ತೇನೆ. ನಿನ್ನೆ ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವರು ಡಬ್ಬಿಯನ್ನು ನೋಡಿ, ಇನ್ನೂ ಕಳಿಸಲಿಲ್ಲವೇ, ಮಗ ಓದು ಸಾಕು ಅಂದನೇ ಎಂದು ಕೇಳಿಯೇಬಿಟ್ಟರು. ಆ ಹೆಂಗಸಿನ ಕಣ್ಣು ಗೋಡೆಯನ್ನೂ ತೂರುತ್ತದೆ. ಹಿಟ್ಟಿನ ಡಬ್ಬಿ ರೀ, ಬೇಕಾದರೆ ನೀವೂ ಒಂದು ಹಿಡಿ ತಿನ್ನಿ ಎಂದು ಏನೋ ಒಂದು ಅಂದೆ. ಅರ್ಥವಿಲ್ಲದ ಮಾತು. ಅವರು ಮಜ್ಜಿಗೆ ತೆಗೆದುಕೊಂಡು ಹೋದರು.

ಇವತ್ತು ಬೆಳಗ್ಗೆ ನಿಮ್ಮಪ್ಪ ಬುತ್ತಿ ಕಟ್ಟಿಸಿಕೊಂಡು ಹೊಲಕ್ಕೆ ಹೊರಟವರು ಹೊಸಿಲ ಮೇಲೆ ನಿಂತು, ನನ್ನ ಕಡೆ ನೋಡದೆ, ‘ಮಂಗಳವಾರ ಕಣೇ ಇವತ್ತು’ ಎಂದರು. ಅಷ್ಟೇ. ಇನ್ನು ನೆಪ ಉಳಿದಿರಲಿಲ್ಲ. ತಲೆಗೆ ನೀರು ಹಾಕಿಕೊಂಡು ಒಬ್ಬಳೇ ನಡೆದು ಹೋದೆ. ಗುಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕೆಂಚಪ್ಪ ಹೂವಿಟ್ಟು, ಕೇಳಿಕೊಂಡೆಯಾ ಎಂದ. ಹೂಂ ಎಂದೆ. ಕೇಳಿರಲಿಲ್ಲ. ಕಣ್ಣು ಮುಚ್ಚಿದರೆ ಮಾತೇ ಹೊರಡಲಿಲ್ಲ. ಕಣ್ಣು ಬಿಟ್ಟುಕೊಂಡೇ ಕೂತೆ. ಎಡಗಡೆಯ ಹೂ ಒಂದು ಬೆರಳಿನಷ್ಟು ಜಾರಿ ನಿಂತಿತು. ತಡೆಯಲಾರದೆ ಎದ್ದುಬಿಟ್ಟೆ, ತೆಗೆದುಬಿಡು ಕೆಂಚಪ್ಪ ಎಂದೆ. ಅವನಿಗೆ ಸಿಟ್ಟು ಬಂತು. ‘ಹೂವಿಟ್ಮ್ಯಾಲೆ ಎದ್ದೋಗೋರ್ನ ನಾನು ಹುಟ್ಟಿದಾಗಿಂದ ಕಂಡಿಲ್ಲ ಕಣವ್ವ. ಅಮ್ಮ ಮಾತಾಡೋಕ್ಮುಂಚೆ ಎದ್ದೋಗೋದಾ?’ ಎಂದ. ತಪ್ಪಾಯಿತು ಎಂದು ಅಮ್ಮನಿಗೆ ಅಡ್ಡಬಿದ್ದು ಬಂದುಬಿಟ್ಟೆ. ಹೋಗುವಾಗ ಒಂದು ಗಂಟೆ ಹಿಡಿದ ದಾರಿ, ಬರುವಾಗ ಎಷ್ಟು ಹೊತ್ತು ಹಿಡಿಯಿತೋ ತಿಳಿಯಲೇ ಇಲ್ಲ.

ಹೀಗಾಗಿ ಮಗನೇ, ನೀನು ಕಾದಿರುವ ಉತ್ತರ ನನ್ನ ಹತ್ತಿರ ಇಲ್ಲ. ಹೂ ಯಾವ ಕಡೆಯೂ ಬೀಳಲಿಲ್ಲ. ಮೂವತ್ತನೇ ತಾರೀಖಿಗೆ ಇನ್ನೂ ಹನ್ನೊಂದು ದಿನ ಇದೆ, ಗಾಬರಿಯಾಗಬೇಡ. ಪಾಠ ತಿಳಿಯದಿದ್ದರೆ ಮೇಷ್ಟ್ರ ಮನೆಗೇ ಹೋಗಿ ಕೇಳು, ಕೇಳಿದರೆ ಯಾರೂ ತಿಂದುಬಿಡುವುದಿಲ್ಲ. ‘ಐತೆ’ ಅಂದರೆ ನಗುವವರು ನಗಲಿ, ಅವರ ಹಲ್ಲು ಅವರ ಬಾಯಿ. ಹೊತ್ತಿಗೆ ಸರಿಯಾಗಿ ಉಣ್ಣು. ನಿಮ್ಮಪ್ಪನ ಆಶೀರ್ವಾದ, ಮಾವನಿಗೆ ನೀನು ಬರೆಯುವುದಾದರೆ ನನ್ನ ನೆನಪು ತಿಳಿಸು. ದೇವರು ನಿನ್ನನ್ನು ಎಲ್ಲಿದ್ದರೂ ಚೆನ್ನಾಗಿಟ್ಟಿರಲಿ, ಆಯುಸ್ಸು ಕೊಟ್ಟು ಕಾಪಾಡಲಿ.

ಇಂತಿ ನಿನ್ನ ಅವ್ವ
ಸಾವಿತ್ರಮ್ಮ

ತಾ.ಕ.: ಲಕೋಟೆ ಅಂಟಿಸಿಬಿಟ್ಟಿದ್ದೆ, ಉಗುರಿನಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಜವರಣ್ಣ ಜಗಲಿಯ ಮೇಲೆ ಕೂತಿದ್ದಾನೆ, ಬಸ್ಸಿಗೆ ಟಪಾಲು ಚೀಲ ಹಾಕಬೇಕಂತೆ. ಕೇಳಿದ್ದನ್ನು ಬಾಯಿಬಿಡಬಾರದು ಎಂದಿದ್ದ ಕೆಂಚಪ್ಪ. ಬಿಡುತ್ತಿದ್ದೇನೆ, ಪಾಪವಾದರೆ ನನಗಾಗಲಿ. ಅವತ್ತು ನಾನು ಅಮ್ಮನನ್ನು ಕೇಳಿದ್ದು ನಿನ್ನನ್ನು ಕಾಲೇಜಿಗೆ ಕಳಿಸಲೇ ಎಂದಲ್ಲ. ‘ತಾಯೀ, ನನ್ನ ಮಗ ಅರಸೀಕೆರೆಯಲ್ಲೇ ಇರಲಿ, ಭಾನುವಾರ ಭಾನುವಾರ ಮನೆಗೆ ಬರಲಿ. ಹೂಂ ಅನ್ನೋದಾದ್ರೆ ಬಲಗಡೆ ಕೊಡು’ ಎಂದು ಕೇಳಿದೆ. ಅವಳು ಕೊಟ್ಟಳು. ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ನೀನು ಕುಣಿಯುತ್ತಿದ್ದೆ. ಆ ಮುಖ ನೋಡಿಕೊಂಡು ಹೇಳಲಾರದೆ ಹೋದೆ. ನಿನ್ನನ್ನು ಮೈಸೂರಿಗೆ ಕಳಿಸಿದವಳು ಚೌಡಮ್ಮನಲ್ಲ ಕಣೋ, ನಾನು. ನನಗೆ ಅವಳು ಕೊಟ್ಟದ್ದನ್ನು ನುಂಗಿಕೊಂಡು ಕಳಿಸಿದೆ. ಇನ್ನು ಹೂವಿನ ಹೆಸರು ಹೇಳಿಕೊಂಡು ಅಲ್ಲಿರಬೇಡ, ಹೂವಿನ ಹೆಸರು ಹೇಳಿಕೊಂಡು ಬರಲೂಬೇಡ. ಇದನ್ನು ನಿಮ್ಮಪ್ಪನಿಗೆ ಹೇಳಬೇಡ. ನನ್ನನ್ನು ಕೇಳಿದರೆ ಈಗಲೂ ಬಾ ಅಂತಲೇ ಅನ್ನುತ್ತೇನೆ, ಅದಕ್ಕೇ ನನ್ನನ್ನೂ ಕೇಳಬೇಡ. ನೀನೇ ಯೋಚಿಸಿ ಬರೆ. ಬರ್ತೀನಿ ಅಂತ ಬರೆದರೆ ಬಸ್ಸಿನ ಹತ್ತಿರ ಬಂದು ನಿಂತಿರುತ್ತೇನೆ. ಇರ್ತೀನಿ ಅಂತ ಬರೆದರೆ ಡಬ್ಬಿ ಅವತ್ತೇ ಬಸ್ಸು ಹತ್ತುತ್ತದೆ. ಹಾಸ್ಟೆಲ್ಲಿನಲ್ಲಿ ಬೆಲ್ಲ ಸಿಕ್ಕುತ್ತದೋ ಇಲ್ಲವೋ ಎಂದು ಈಗ ತಾನೇ ಪುಡಿ ಮಾಡಿ ಅದರಲ್ಲೇ ಇಟ್ಟಿದ್ದೇನೆ.