ನರಿಯ ಕಣ್ಣಿನ ರೆಪ್ಪೆ

ಅಪ್ಪಾ,

ನೀನು ತೀರಿಹೋದ ಮೇಲೆ, ನಿನಗೆ ಹಿಡಿಸದ ಆ ಮಿಸೌರಿಯ ಸ್ಪರ್ಧೆಗೆ, ಸತ್ತ ಪ್ರಾಣಿಗಳನ್ನು ಜೀವಂತದಂತೆ ನಿಲ್ಲಿಸುವ ನಮ್ಮ ಕಸುಬಿನವರ ಸ್ಪರ್ಧೆಗೆ, ಇವತ್ತು ಹೋಗಿದ್ದೆ. ಚರ್ಮ ತುಂಬಿ ನಿಲ್ಲಿಸಿದ ನನ್ನ ನರಿಯ ಮುಖಕ್ಕೆ ತೀರ್ಪುಗಾರ್ತಿ ಲೊರೇನ್ ಟಾರ್ಚ್ ಹಿಡಿದಳು.

"ರೆಪ್ಪೆ ಒಣಗಿ ಗಾಜಿನ ಕಣ್ಣಿಂದ ಬಿಟ್ಕೊಂಡಿದೆ. ಒಣಗೋವರೆಗೂ ಸೂಜಿ ಚುಚ್ಚಿಡ್ಬೇಕು. ಯಾರೂ ಹೇಳ್ಲಿಲ್ವೇನಮ್ಮಾ?"

ಇಷ್ಟು ವರ್ಷ ಒಟ್ಟಿಗೆ ಅಂಗಡಿ ನಡೆಸಿದರೂ ನೀನು ಹೇಳಿದ್ದು ಒಂದೇ: "ಸಾಕು ಬಿಡು, ಗಿರಾಕಿಗೆ ಗೊತ್ತಾಗಲ್ಲ."

ಅವಳು ತಪ್ಪುಗಳನ್ನೆಲ್ಲ ತೋರಿಸಿದ ಮೇಲೆ ಕೇಳಿದೆ: "ಇವನ್ನೆಲ್ಲ ತಿದ್ದಿದ್ರೆ ಜೀವ ಬರುತ್ತಾ?"

"ತಪ್ಪು ಹೋಗುತ್ತೆ, ಅಷ್ಟೇ. ಜೀವ ಬರ್ಬೇಕಂದ್ರೆ ಕಾಡಲ್ಲಿ ಕೂತು ನರೀನ ನೋಡಿರ್ಬೇಕು. ನಿಮ್ಮಪ್ಪನೂ ಇದೇ ಕಸುಬಿನವರಲ್ವಾ, ಕಾಡಿಗೆ ಕರ್ಕೊಂಡು ಹೋಗ್ತಿರ್ಲಿಲ್ವಾ?"

ಹುಡುಗಿಗೆ ಚಳಿ ತಡೆಯಲ್ಲ ಎಂದು ನೀನು ಅಣ್ಣ ವೆಂಡಲ್‌ನನ್ನಷ್ಟೇ ಕರೆದೊಯ್ಯುತ್ತಿದ್ದೆ. ಅವನೀಗ ಕಾರು ಮಾರುತ್ತಾನೆ.